ಜಿರಾಫೆಗೆಂದು ಹೋಗಿ ಮಳೆ ನೋಡಿದ್ದು

ಮೂಡುಬಿದಿರೆ

ಆಫ್ರಿಕಕ್ಕೆ ಹೋಗಿ ಬಂದ ಮಾಸ್ಟ್ರು ಎಂದು ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಎಷ್ಟೋ ಶಾಲೆಯವರು ನನ್ನನ್ನು ಕರೆದಿದ್ದಾರೆ. ಮಕ್ಕಳಿಗೆ ಸಿಂಹದ ಬಗ್ಗೆ ಎರಡು ಮಾತು ಹೇಳಿ ಎನ್ನುತ್ತಾರೆ. ಪ್ರತಿ ಸಲವೂ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೇನೆ. ಸಿಂಹವನ್ನು ನಾನು ನೋಡಲಿಲ್ಲ. ನೋಡಬೇಕೆಂದು ಹೋದದ್ದೂ ಅಲ್ಲ. ನಾವು ಹೋದದ್ದು ಒಂದು ಜಿರಾಫೆಯನ್ನು ನೋಡಲಿಕ್ಕೆ, ಅದೂ ನನಗಾಗಿ ಅಲ್ಲ, ನನ್ನ ಅಕ್ಕನಿಗಾಗಿ. ಆ ಕೆಲಸ ಹೇಗೆ ಕೆಟ್ಟಿತು ಎಂಬುದನ್ನು ಇಲ್ಲಿ ಬರೆಯುತ್ತೇನೆ. ಹಡಗಿನ ದರ, ಇಳಿದುಕೊಳ್ಳುವ ಜಾಗ, ನೋಡಬೇಕಾದ ಸ್ಥಳ ಇದೆಲ್ಲ ಬೇಕಾದವರು ಬೇರೆ ಯಾರನ್ನಾದರೂ ಕೇಳಿ. ನನ್ನನ್ನು ಕೇಳಿ ಹೋದವನು ಹಾಳಾದಾನು.

ಅಕ್ಕನ ಹೆಸರು ಚಂದ್ರಮತಿ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಲ್ಲಿಂದ ಮೇಲೆ ನನ್ನನ್ನು ಮೀಯಿಸಿ, ಉಣಿಸಿ, ಕಿವಿ ಹಿಂಡಿ ಶಾಲೆಗೆ ಕಳುಹಿಸಿ ಮನುಷ್ಯನನ್ನಾಗಿ ಮಾಡಿದವಳು ಅವಳೇ. ಮದುವೆಯಾದ ಮೂರನೇ ವರ್ಷಕ್ಕೆ ಭಾವ ಹೋಗಿಬಿಟ್ಟರು. ಅವಳು ತಿರುಗಿ ಮನೆಗೆ ಬಂದಳು. ನಾನು ಮದುವೆಯ ಗೋಜಿಗೇ ಹೋಗಲಿಲ್ಲ. ಹಾಗೆ ನಾವಿಬ್ಬರೇ ಇದ್ದುಬಿಟ್ಟೆವು, ಈಗಲೂ ಇದ್ದೇವೆ.

ನಮ್ಮೂರಿನ ಸಾವಿರ ಕಂಬದ ಬಸದಿಗೆ ಬಂದವರಿಗೆ ಗೊತ್ತಿರಬಹುದು, ಅಲ್ಲಿನ ಮಂಟಪದ ಅಡಿಗಲ್ಲಿನಲ್ಲಿ ಒಂದು ಜಿರಾಫೆಯ ಕೆತ್ತನೆ ಉಂಟು. ಹಿಂದೆ ಕಡಲ ವ್ಯಾಪಾರದವರ ಬಾಯಿಂದ ಕೇಳಿ ಯಾವನೋ ಕಲ್ಲುಕುಟಿಗ ಕೆತ್ತಿದ್ದಿರಬೇಕು. ಚಿಕ್ಕಂದಿನಲ್ಲಿ ಅಕ್ಕ ಅದನ್ನು ಯಾರೋ ಕೊರಳು ಹಿಡಿದು ಎಳೆದ ಕುದುರೆ ಎಂದು ತಿಳಿದಿದ್ದಳಂತೆ. ನಾನು ಮಾಸ್ಟ್ರಾಗಿ, ಶಾಲೆಯ ಗೋಡೆಗೆ ತೂಗುಹಾಕುವ ಪ್ರಾಣಿಗಳ ಪಟ ತಂದು ತೋರಿಸಿದ ದಿನ ಅವಳಿಗಾದ ಆಶ್ಚರ್ಯ ಹೇಳಿ ಮುಗಿಯದು.

"ಹಾಗಾದರೆ ಇದು ನಿಜಕ್ಕೂ ಇರುವುದಾ? ಎಲ್ಲಿ ಉಂಟು?"

"ಆಫ್ರಿಕದಲ್ಲಿ."

"ನಡೆಯುವಾಗ ಇಷ್ಟುದ್ದ ಕುತ್ತಿಗೆಯನ್ನು ಎಂತ ಮಾಡ್ತದೆ ತಮ್ಮ?"

ನನಗೆ ಗೊತ್ತಿರಲಿಲ್ಲ. ಪಟದ ಜಿರಾಫೆ ನಿಂತೇ ಇತ್ತು. ವರ್ಷಕ್ಕೊಮ್ಮೆಯಾದರೂ ಅವಳು ಅದೇ ಪ್ರಶ್ನೆ ಕೇಳುತ್ತಿದ್ದಳು, ನಾನು "ನೋಡದೆ ಹೇಗೆ ಹೇಳುವುದು ಮಾರಾಯ್ತಿ" ಎಂದು ನಗುತ್ತಿದ್ದೆ.

ಅಕ್ಕನಿಗೆ ಐವತ್ತೆರಡು ವರ್ಷವಾಗುವ ಹೊತ್ತಿಗೆ ಕಣ್ಣಿನ ತೊಂದರೆ ಶುರುವಾಯಿತು. ಬಾಗಿಲ ಚೌಕಟ್ಟಿಗೆ ಹೆಗಲು ಹೊಡೆದುಕೊಳ್ಳುತ್ತಿದ್ದಳು, ಪಕ್ಕದಲ್ಲಿಟ್ಟ ಚೊಂಬನ್ನು ತಡವುತ್ತಿದ್ದಳು. ಮಂಗಳೂರಿನ ಕಣ್ಣಿನ ಡಾಕ್ಟರರು ನೋಡಿ, ಕತ್ತಲೆ ಅಂಚಿನಿಂದ ಒಳಗೆ ಬರುತ್ತಾ ಉಂಟು, ಇದಕ್ಕೆ ಮದ್ದಿಲ್ಲ ಎಂದರು. ಒಳ್ಳೆಯ ಬಿಸಿಲಿನಲ್ಲಿ ನೇರ ಎದುರಿಗಿರುವುದು ಇನ್ನೊಂದು ವರ್ಷ ಕಾಣಬಹುದು, ಮೋಡ ಕವಿದ ಮಬ್ಬಿನಲ್ಲಿ ಈಗಲೇ ಕಷ್ಟ ಎಂದರು. ಬಸ್ಸಿನಲ್ಲಿ ಹಿಂದೆ ಬರುವಾಗ ಗುರುಪುರ ಕಳೆಯುವವರೆಗೆ ಅವಳು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ತಮ್ಮ, ಆ ಪ್ರಾಣಿ ನಡೆಯುವುದನ್ನು ನನಗೊಮ್ಮೆ ತೋರಿಸ್ತೀಯಾ?" ಎಂದಳು. ನಾನು "ತೋರಿಸ್ತೇನೆ" ಎಂದೆ. ಹೇಳಿಬಿಟ್ಟೆ.

ತಯಾರಿ

ತನ್ನ ಪಾಲಿಗೆ ಬಂದಿದ್ದ ಗದ್ದೆಯನ್ನು ಅಕ್ಕ ಮಾರಿದಳು. ಉಳಿದದ್ದೆಲ್ಲ ನನ್ನ ಕೆಲಸ. ಸಿದ್ಧಕಟ್ಟೆಯ ಸಂಜೀವ ಶೆಟ್ಟಿ ನನ್ನ ಸಹಪಾಠಿ. ಅವನು ಕೀನ್ಯಾದಲ್ಲಿ ವೋಯಿ ಎಂಬ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತ. ಆಗ ಅಲ್ಲಿ ಬ್ರಿಟಿಷರ ಆಡಳಿತವೇ ಇತ್ತು. ವೋಯಿಯ ಹಿತ್ತಲಿಗೆ ತಾಗಿದ ಹಾಗೆ ಪ್ರಾಣಿಗಳನ್ನು ಕಾಪಾಡಿಟ್ಟ ದೊಡ್ಡ ಕಾಡು. ಜೀಪಿನಲ್ಲಿ ಕುಳಿತು ಪ್ರಾಣಿ ನೋಡುವುದಕ್ಕೆ ಅಲ್ಲಿನವರು ಸಫಾರಿ ಎನ್ನುತ್ತಾರೆ. ಏಪ್ರಿಲಿನಲ್ಲಿ ಶಾಲೆಗೆ ರಜೆ ಕೊಟ್ಟ ಕೂಡಲೇ ಹೊರಡುತ್ತೇವೆ ಎಂದು ಶೆಟ್ಟಿಗೆ ಬರೆದೆ.

ಅವನ ಉತ್ತರ ಬಂತು. "ಬನ್ನಿ, ನಿಮ್ಮದೇ ಮನೆ. ಆದರೆ ಏಪ್ರಿಲ್ ಮೇ ಬೇಡ. ಇಲ್ಲಿ ಆಗ ದೊಡ್ಡ ಮಳೆ. ದಾರಿ ಕೆಸರು, ಹುಲ್ಲು ಆಳೆತ್ತರ, ಪ್ರಾಣಿ ಕಾಣುವುದಿಲ್ಲ. ಆಗಸ್ಟಿನಲ್ಲಿ ಬನ್ನಿ" ಎಂದು ಬರೆದಿದ್ದ.

ನನ್ನ ತಲೆ ಆಗ ಹೇಗೆ ಓಡಿತು ಎಂದು ಹೇಳಬೇಕು. ನಮ್ಮ ಕಡೆಯವರಿಗೆ ಮಳೆಗಾಲವೆಂದರೆ ಪತ್ತನಾಜೆ ಕಳೆದ ಮೇಲೆ, ಮೇ ಕೊನೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಬರುವಂಥದ್ದು. ಅದಕ್ಕೆ ಮೊದಲು ಸಂಜೆ ಹೊತ್ತು ಗುಡುಗಿ, ಒಂದು ಗಳಿಗೆ ಹೊಯ್ದು ಹೋಗುವುದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಣಗಲು ಹಾಕಿದ ಹಪ್ಪಳ ಒಳಗೆ ತಂದರೆ ಆಯಿತು. ಇಂಥ ಊರಿನವನಿಗೆ, ನಾಲ್ಕು ತಿಂಗಳು ಆಕಾಶ ಕಿತ್ತು ಬೀಳುವುದನ್ನು ನೋಡಿದವನಿಗೆ, ಆಫ್ರಿಕದ ಮಳೆ ಎಂದರೆ ಎಂತ ಮಹಾ? ಹಿಂದಿನ ಮೇ ತಿಂಗಳಲ್ಲಿ ಬೆಳ್ತಂಗಡಿಯ ಒಬ್ಬರು ಫಾರೆಸ್ಟ್ ಗಾರ್ಡ್ ನನ್ನನ್ನು ಚಾರ್ಮಾಡಿಯ ಬುಡದ ಕಾಡಿಗೆ ಕರೆದುಕೊಂಡು ಹೋಗಿದ್ದರು. ತೋಡು ಬತ್ತಿ ಗುಂಡಿಯಲ್ಲಿ ಮಾತ್ರ ನೀರಿತ್ತು, ಕಾಟಿಗಳು, ಅಂದರೆ ಕಾಡುಕೋಣಗಳು, ಸಾಲಾಗಿ ಬಂದು ಕುಡಿದವು. ಪ್ರಾಣಿ ನೋಡಲಿಕ್ಕೆ ಬೇಸಗೆ ರಜೆಯೇ ಸಮ ಎಂದು ನಾನು ಅಂದೇ ತೀರ್ಮಾನ ಮಾಡಿದ್ದೆ. ಶೆಟ್ಟಿ ಶಾಲೆಯಲ್ಲಿ ಭೂಗೋಳದ ಪರೀಕ್ಷೆಯನ್ನು ನನ್ನ ಪೇಪರ್ ನೋಡಿ ಬರೆದು ಪಾಸಾದವನು. ಅವನು ನನಗೆ ಮಳೆಗಾಲದ ಪಾಠ ಹೇಳುವುದೇ?

ಇದು ನಾನು ನನಗೆ ಹೇಳಿಕೊಂಡ ಸಮಾಧಾನ. ನಿಜ ಇನ್ನೂ ಕೀಳು. ಆಗಸ್ಟಿನಲ್ಲಿ ಹೋಗಬೇಕಾದರೆ ಹೆಡ್ಮಾಸ್ಟ್ರಲ್ಲಿ ಎರಡು ತಿಂಗಳ ರಜೆ ಕೇಳಬೇಕಿತ್ತು. ಅಷ್ಟು ವರ್ಷದ ನೌಕರಿಯಲ್ಲಿ ನಾನು ಯಾರ ಮೇಜಿನ ಮುಂದೆಯೂ ಕೈಕಟ್ಟಿ ನಿಂತವನಲ್ಲ, ಅದೊಂದು ಹೆಮ್ಮೆ. ಕಾಗದವನ್ನು ಮಡಚಿಟ್ಟೆ. ಅಕ್ಕನಿಗೆ "ಶೆಟ್ಟಿ ಬನ್ನಿ ಎಂದು ಬರೆದಿದ್ದಾನೆ" ಎಂದಷ್ಟೇ ಹೇಳಿದೆ.

ಅವಳ ಸಂಭ್ರಮ ನೋಡಬೇಕಿತ್ತು. ನಾನು ಗಾರ್ಡರಿಂದ ಒಂದು ದುರ್ಬೀನು ಎರವಲು ತಂದೆ. ಅವಳು ಜಗಲಿಯಲ್ಲಿ ಕುಳಿತು ಬಿಸಿಲಿನಲ್ಲಿ ಮೇಯುವ ದನಗಳ ಮೇಲೆ ಅಭ್ಯಾಸ ಮಾಡಿದಳು. "ಮೂತಿ ಸಿಕ್ಕಿತು, ಈಗ ಬಾಲ ಹುಡುಕ್ತೇನೆ" ಎನ್ನುತ್ತಿದ್ದಳು. ಅವಳ ನೋಟ ಆಗಲೇ ಬಳೆಯಷ್ಟು ಅಗಲಕ್ಕೆ ಬಂದಿತ್ತು. ಹೊರಡುವಾಗ "ಕೊಡೆ ಹಿಡಿದುಕೊಳ್ಳುವ ತಮ್ಮ" ಎಂದಳು. "ಬೇಸಗೆಯಲ್ಲಿ ಎಂತಕೆ? ನೋಡಿದವರು ನಗುವುದಿಲ್ಲವಾ?" ಎಂದು ಗದರಿದೆ.

ಹಡಗಿನಲ್ಲಿ

ಬೊಂಬಾಯಿಯಲ್ಲಿ ಚುಚ್ಚಿಸಿಕೊಂಡ ಇಂಜೆಕ್ಷನ್ನಿಗೆ ಅಕ್ಕನ ತೋಳು ಬಾತು, ಮೂರು ದಿನ ಜ್ವರ ಬಂತು. ನಾಲ್ಕನೇ ದಿನ ಎದ್ದು ಊಟದ ವಿಚಾರಕ್ಕೆ ಬಂದಳು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ನಾನು ಹಾಸ್ಟೆಲಿನಲ್ಲಿ ಕೆಟ್ಟವನು, ಅಕ್ಕ ಕೆಡಲಿಲ್ಲ. ಹಡಗಿನಲ್ಲಿ ಗಂಟೆ ಬಾರಿಸಿ ಊಟಕ್ಕೆ ಕರೆಯುವುದು ಕತ್ತಲಾದ ಮೇಲೆ. ಒಬ್ಬರು ಗುಜರಾತಿ ಹೆಂಗಸಿಗೂ ಇದೇ ಕಷ್ಟ. ಇಬ್ಬರೂ ಸಂಜೆ ಐದು ಗಂಟೆಗೆ ಡೆಕ್ಕಿನ ಮೇಲೆ ಬುತ್ತಿ ಬಿಚ್ಚಿ ಕೂರುತ್ತಿದ್ದರು. ನಮ್ಮ ಅವಲಕ್ಕಿ ಆ ಕಡೆಗೆ, ಅವರ ಒಣ ರೊಟ್ಟಿ ಈ ಕಡೆಗೆ. ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲ, ಆದರೂ ಗಂಟೆಗಟ್ಟಲೆ ಮಾತು. ಅಕ್ಕ ಕೈಯೆತ್ತಿ ಕುತ್ತಿಗೆಯನ್ನು ಆಕಾಶದವರೆಗೆ ತೋರಿಸಿದಾಗ ಆ ಹೆಂಗಸು ನಕ್ಕು ನಕ್ಕು ಸುಸ್ತಾದರು. ಆ ಹತ್ತು ದಿನ ಅಕ್ಕ ಇದ್ದಷ್ಟು ಖುಷಿಯಾಗಿ ನಾನು ಅವಳನ್ನು ಬೇರೆಂದೂ ಕಂಡದ್ದಿಲ್ಲ.

ಮೊಂಬಾಸ

ತೆಂಗು, ಮಾವು, ಗೇರು, ಕೆಂಪು ಮಣ್ಣು. ಉಳ್ಳಾಲದಲ್ಲಿ ಇಳಿದ ಹಾಗಾಯಿತು. ಇಳಿದ ಹತ್ತು ನಿಮಿಷಕ್ಕೆ ಮಳೆ ಹಿಡಿಯಿತು. ಒಂದು ಗಳಿಗೆಯಲ್ಲಿ ನಿಲ್ಲುತ್ತದೆ ಎಂದು ಒಂದು ಅಂಗಡಿಯ ಮಾಡಿನಡಿ ನಿಂತೆವು. ನಿಲ್ಲಲಿಲ್ಲ. ಸುತ್ತಮುತ್ತ ಎಲ್ಲರ ಕೈಯಲ್ಲೂ ಕೊಡೆ. ದಕ್ಷಿಣ ಕನ್ನಡ ಜಿಲ್ಲೆಯವರಾದ ನಾವಿಬ್ಬರು ಮಾತ್ರ ಕೊಡೆಯಿಲ್ಲದೆ ತೊಯ್ದು ತೊಪ್ಪೆಯಾಗಿ ರೈಲು ಹತ್ತಿದೆವು. ಅಕ್ಕ ಸೆರಗು ಹಿಂಡುತ್ತಾ, "ಇದು ನಮ್ಮ ಆಟಿ ತಿಂಗಳ ಜಡಿಮಳೆಯ ಹಾಗೆ ಉಂಟಲ್ಲ" ಎಂದಳು. ನಾನು "ನಾಳೆಗೆ ಬಿಡ್ತದೆ" ಎಂದೆ.

ವೋಯಿ

ಮೊಂಬಾಸದಿಂದ ನಾನು ಕೊಟ್ಟ ತಂತಿ ಕಂಡು ಸ್ಟೇಷನ್ನಿನಲ್ಲಿ ಶೆಟ್ಟಿ ಎರಡು ಕೊಡೆ ಹಿಡಿದುಕೊಂಡು ನಿಂತಿದ್ದ. ಅಕ್ಕನ ಕಾಲು ಮುಟ್ಟಿ ನಮಸ್ಕರಿಸಿದ. ಆಮೇಲೆ ನನ್ನ ಮುಖ ನೋಡಿ, "ಎಂತ ಮಾರಾಯ, ಈಗ ಬರಬೇಡ ಎಂದು ಬರೆದಿದ್ದೆನಲ್ಲ, ಕಾಗದ ಸಿಗಲಿಲ್ಲವಾ?" ಎಂದ.

"ಇಲ್ಲವಲ್ಲ," ಎಂದೆ. "ಎಲ್ಲೋ ಅಂಚೆಯಲ್ಲಿ ತಪ್ಪಿರಬೇಕು."

ಅಕ್ಕ ಪಕ್ಕದಲ್ಲೇ ಇದ್ದಳು. ಶೆಟ್ಟಿಯ ಕೈಯಿಂದ ಒಂದು ಕೊಡೆ ತೆಗೆದುಕೊಂಡು ಬಿಡಿಸಿದಳು.

ಶೆಟ್ಟಿ ಪಾಪ, ಇರುವ ಪರಿಚಯವನ್ನೆಲ್ಲ ಬಳಸಿ ಒಂದು ಜೀಪು, ಮುತುವಾ ಎಂಬ ಚಾಲಕನನ್ನು ಗೊತ್ತುಮಾಡಿದ. ಮುತುವಾ ಅದೇ ಸೀಮೆಯವನು, ಕಾಡನ್ನು ಅಂಗೈ ಗೆರೆಯಂತೆ ಬಲ್ಲವನು. ಮೊದಲ ದಿನ ಕಾಡಿನ ಗೇಟೇ ಮುಚ್ಚಿತ್ತು. ಎರಡನೇ ದಿನ ತೆರೆದರು, ಆದರೆ ಎರಡು ಮೈಲಿನ ಆಚೆ ದಾರಿಯ ಮೇಲೆ ಹೊಳೆ ಹರಿಯುತ್ತಿತ್ತು. ಮುತುವಾ ಇಳಿದು, ಲದ್ದಿಯನ್ನು ಕೋಲಿನಲ್ಲಿ ಕೆದಕಿ, ತಲೆಯಾಡಿಸಿದ. ನೀರು ಎಲ್ಲ ಕಡೆ ಇರುವಾಗ ಪ್ರಾಣಿ ನೀರಿನ ಗುಂಡಿಗೆ ಯಾಕೆ ಬರುತ್ತದೆ, ಚದರಿಹೋಗಿವೆ ಎಂದು ಶೆಟ್ಟಿಯ ಮೂಲಕ ಹೇಳಿದ. ಚಾರ್ಮಾಡಿಯಲ್ಲಿ ನಾನು ಕಂಡದ್ದರ ಅರ್ಥವೇ ಅದು, ಬೇಸಗೆ ಎನ್ನುವ ಹೆಸರಿಗೆ ಕಾಟಿ ಬಂದದ್ದಲ್ಲ, ಬಾಯಾರಿ ಬಂದದ್ದು. ಮೂರನೇ ಕ್ಲಾಸಿನ ಮಕ್ಕಳಿಗೆ ತಿಳಿಯುವ ಸಂಗತಿ.

ಆ ಊರಿನವರದ್ದು ಒಂದು ರೂಢಿ ನನ್ನನ್ನು ಬಹಳ ಚುಚ್ಚಿತು. ನೀವು ಎಡವಿದಿರೋ, ನಿಮ್ಮ ಬಟ್ಟೆಗೆ ಕೆಸರು ಹಾರಿತೋ, ನೋಡಿದವನು "ಪೋಲೆ" ಎನ್ನುತ್ತಾನೆ. ನಿಮಗೆ ಹೀಗಾಯಿತಲ್ಲ, ನನಗೆ ದುಃಖ ಎಂದು ಅರ್ಥವಂತೆ. ತಪ್ಪು ಅವನದ್ದಾಗಬೇಕೆಂದಿಲ್ಲ. ದಿನಾ ಬರಿಗೈಯಲ್ಲಿ ತಿರುಗಿ ಬಂದಾಗ ಮುತುವಾ ಅಕ್ಕನ ಎದುರು ಟೊಪ್ಪಿ ತೆಗೆದು, "ಪೋಲೆ, ಮಾಮಾ" ಎನ್ನುತ್ತಿದ್ದ. ಅಲ್ಲಿ ತಾಯಿಗೆ ಮಾಮಾ ಎನ್ನುತ್ತಾರೆ. ಮಳೆ ಬಂದದ್ದು ಅವನ ತಪ್ಪಲ್ಲ. ತಪ್ಪು ಮಾಡಿದವನು ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು, ಹವೆ ಸರಿಯಿಲ್ಲ ಎಂದು ಗೊಣಗುತ್ತಿದ್ದ.

ಆರನೇ ದಿನ

ಆ ದಿನ ಒಂದು ಆನೆಯ ಹಿಂಭಾಗ ಕಂಡಿತು. ಮೈಯೆಲ್ಲ ಕೆಂಪು ಕೆಸರು. ನನಗೆ ಕಂಡಿತು, ಅಕ್ಕನಿಗೆ ಇಲ್ಲ. "ಇರಲಿ ಬಿಡು, ಆನೆ ನಮ್ಮ ಧರ್ಮಸ್ಥಳದಲ್ಲಿಯೂ ಉಂಟು" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಹಿಂದೆ ಬರುವಾಗ ಜೀಪು ಚಕ್ರದ ಅರ್ಧದವರೆಗೆ ಹೂತುಹೋಯಿತು. ಮುತುವಾ ಮುಳ್ಳಿನ ಕೊಂಬೆ ಕಡಿದು ಅಡಿಗೆ ಹಾಕಿದ, ನಾನು ಮತ್ತು ಶೆಟ್ಟಿ ಪಂಚೆ ಎತ್ತಿ ಕಟ್ಟಿ ನೂಕಿದೆವು. ಮನೆ ಮುಟ್ಟುವಾಗ ಸೂರ್ಯ ಮುಳುಗಿತ್ತು. ಶೆಟ್ಟಿಯ ಹೆಂಡತಿ ಸುಮತಿ ಅಷ್ಟು ಆಸೆಯಿಂದ ನೀರುದೋಸೆ ಮಾಡಿಟ್ಟಿದ್ದಳು. ಅಕ್ಕ ಕೈಕಾಲು ತೊಳೆದು ಬಂದು, "ನಾಳೆ ಬೆಳಿಗ್ಗೆ ತಿನ್ನುವ ಸುಮತಿ, ಬೇಸರ ಮಾಡ್ಬೇಡ" ಎಂದು ನೀರನ್ನೂ ಮುಟ್ಟದೆ ಮಲಗಿದಳು. ನಾನು ನಾಲ್ಕು ದೋಸೆ ತಿಂದೆ. ಹಸಿವಾಗಿತ್ತು.

ಏಳರಿಂದ ಹತ್ತನೇ ದಿನದವರೆಗೆ ಬರೆಯುವಂಥದ್ದು ಏನೂ ಇಲ್ಲ. ಮಳೆ. ಅಕ್ಕ ದುರ್ಬೀನನ್ನು ಸೆರಗಿನಿಂದ ಒರೆಸಿ ಒರೆಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆಕಾಶ ಕಪ್ಪಗೆ ಇದ್ದುದರಿಂದ ಅವಳಿಗೆ ಎದುರಿನ ಮನುಷ್ಯನ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಸುಮತಿ ಕೊಟ್ಟ ಕಾಫಿ ಲೋಟವನ್ನು ಹಿಡಿಯಲು ಹೋಗಿ ಗಾಳಿಯನ್ನು ಹಿಡಿದಳು. ಬಿಸಿಲಿದ್ದರೆ, ದೇವರೇ, ಒಂದೇ ಒಂದು ದಿನದ ಬಿಸಿಲಿದ್ದರೆ!

ಕೊನೆಯ ದಿನ

ಮಧ್ಯಾಹ್ನ ಮಳೆ ನಿಂತಿತು. ಮೋಡ ಹಾಗೆಯೇ ಇತ್ತು. ಊರಿಗೆ ಮರಳುವ ಹಡಗಿಗೆ ಮರುದಿನವೇ ಹೊರಡಬೇಕು. ಮುತುವಾ ತಾನಾಗಿಯೇ ಜೀಪು ತಂದು, ಇನ್ನೊಮ್ಮೆ ನೋಡುವ ಎಂದು ಸನ್ನೆ ಮಾಡಿದ. ಒಂದು ಗಂಟೆ ಕುಲುಕಿಕೊಂಡು ಹೋದೆವು. ಅವನು ಥಟ್ಟನೆ ನಿಲ್ಲಿಸಿ ಪಿಸುಗುಟ್ಟಿದ: "ಟ್ವಿಗಾ."

ನಲವತ್ತು ಹೆಜ್ಜೆ ದೂರ, ಮುಳ್ಳಿನ ಮರದ ಮೇಲಿನಿಂದ ಅದು ನಮ್ಮನ್ನು ನೋಡುತ್ತಿತ್ತು. ಜಿರಾಫೆ. ಒದ್ದೆ ಮೈ, ಅಲ್ಲಾಡುವ ಕಿವಿ, ಇಷ್ಟುದ್ದ ರೆಪ್ಪೆ.

"ಅಕ್ಕಾ! ಅಗೋ! ಎದುರಿಗೇ!"

"ಎಲ್ಲಿ? ಎಲ್ಲಿ ತಮ್ಮ?"

"ಮರದ ಪಕ್ಕ!"

"ಮರ ಯಾವುದು?"

ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ದುರ್ಬೀನು ಕಣ್ಣಿಗೆ ಒತ್ತಿದೆ. ಗಾಜಿನಲ್ಲಿ ಹಬೆ ಕಟ್ಟಿತ್ತು, ಒರೆಸಿದೆ, ಮತ್ತೆ ಕಟ್ಟಿತು. ಅವಳು ಅದನ್ನು ಸರಿಸಿ ಬರಿಗಣ್ಣನ್ನು ಅಗಲಿಸಿ ನೋಡಿದಳು. ಬೂದು ಆಕಾಶ, ಬೂದು ಹುಲ್ಲು, ಅವಳಿಗೆ ಎಲ್ಲ ಒಂದೇ. ಅಷ್ಟರಲ್ಲಿ ಅದು ತಿರುಗಿ ನಡೆಯತೊಡಗಿತು. ಏನು ನಡಿಗೆ! ಒಂದು ಬದಿಯ ಎರಡು ಕಾಲು ಒಟ್ಟಿಗೆ, ಆಮೇಲೆ ಇನ್ನೊಂದು ಬದಿಯದ್ದು, ಹೆಜ್ಜೆಹೆಜ್ಜೆಗೆ ಕುತ್ತಿಗೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತಿತ್ತು, ಅವಸರವೇ ಇಲ್ಲ.

"ನಡೀತಾ ಉಂಟಾ?" ಅಕ್ಕ ನನ್ನ ತೋಳು ಹಿಡಿದಳು. "ಹೇಳು ತಮ್ಮ, ಕುತ್ತಿಗೆಯನ್ನು ಎಂತ ಮಾಡ್ತಾ ಉಂಟು?"

ಇಪ್ಪತ್ತೆರಡು ವರ್ಷ ಬೆಂಚಿನ ಎದುರು ನಿಂತು ಬಾಯಿ ಬಡಿದುಕೊಂಡವನು ನಾನು. ಒಂದು ಮಾತು ಹೊರಡಲಿಲ್ಲ. ಅತ್ತುಬಿಟ್ಟೆ. ನನ್ನ ಅಳು ನಿಲ್ಲುವಷ್ಟರಲ್ಲಿ ಅದು ಪೊದೆಗಳ ಆಚೆ ಹೋಗಿತ್ತು. ಮುತುವಾ ತಿರುಗಿ ನೋಡಿ, "ಪೋಲೆ, ಮಾಮಾ" ಎಂದ.

ಸಂಜೆ ಶೆಟ್ಟಿಯ ಮನೆಯ ಜಗಲಿಯಲ್ಲಿ ನಾವಿಬ್ಬರೇ ಇದ್ದಾಗ ಅಕ್ಕ ಕೇಳಿದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಕಾಗದ ಸಿಗಲಿಲ್ಲ ಎಂದು ಶೆಟ್ಟಿಗೆ ಯಾಕೆ ಹೇಳಿದೆ? ಪೋಸ್ಟಿನವರ ಕೈಯಿಂದ ತೆಗೆದುಕೊಂಡು ನಿನಗೆ ಕೊಟ್ಟವಳು ನಾನೇ ಅಲ್ಲವಾ?"

ಹನ್ನೊಂದು ದಿನ ಅವಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ನಾನು ಎಲ್ಲ ಹೇಳಿದೆ. ಆಗಸ್ಟ್, ಮಳೆ, ಭೂಗೋಳ, ಚಾರ್ಮಾಡಿಯ ಕಾಟಿ, ರಜೆ.

"ಹೆಡ್ಮಾಸ್ಟ್ರಲ್ಲಿ ರಜೆ ಕೇಳಿದೆಯಾ?"

"ಇಲ್ಲ ಅಕ್ಕ."

"ಕೊಡುವುದಿಲ್ಲ ಎಂದರಾ?"

"ನಾನು ಕೇಳಲೇ ಇಲ್ಲ."

ಅವಳು ಮಡಿಲಿನ ದುರ್ಬೀನನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ, "ಕೇಳುವುದು ನಿನಗೆ ಅಷ್ಟು ಕಷ್ಟವಾಯಿತಾ?" ಎಂದಳು. "ನನಗೂ ಸುಲಭ ಇರಲಿಲ್ಲ ತಮ್ಮ, ಆ ದಿನ ಬಸ್ಸಿನಲ್ಲಿ ನಿನ್ನನ್ನು ಕೇಳುವುದು."

ಒಳಗಿನಿಂದ ಸುಮತಿ, ಸೂರ್ಯ ಮುಳುಗುವ ಹೊತ್ತಾಯಿತು ಅಕ್ಕ, ಊಟಕ್ಕೆ ಏಳಿ ಎಂದು ಕರೆದಳು. ಅಕ್ಕ ಎದ್ದಳು. ನಾನು ಕೈ ಹಿಡಿಯಲು ಹೋದೆ. ಅವಳ ಕೈ ಆಗಲೇ ಬಾಗಿಲನ್ನು ಹುಡುಕಿಕೊಂಡಿತ್ತು.

ಮನೆ

ಅದೇ ವರ್ಷದ ದೀಪಾವಳಿಯ ಹೊತ್ತಿಗೆ ಅವಳ ಕಣ್ಣು ಪೂರ್ತಿ ಹೋಯಿತು. ಈಗ ನಾಲ್ಕು ವರ್ಷ.

ಅವಳು ಮುನಿಸಿಕೊಂಡಿದ್ದಾಳೆ ಎಂದು ತಿಳಿಯಬೇಡಿ. ಮುನಿಸಿದ್ದರೆ ನಾನು ಕಾಲು ಹಿಡಿದಾದರೂ ಸರಿಮಾಡಿಕೊಳ್ಳುತ್ತಿದ್ದೆ. ಎಂದಿನಂತೆ ಮಾತಾಡುತ್ತಾಳೆ, ನಗುತ್ತಾಳೆ, ನೆರೆಯವರು ಕೇಳಿದರೆ ಹಡಗಿನ ಗುಜರಾತಿ ಹೆಂಗಸಿನ ಕತೆ ಹೇಳುತ್ತಾಳೆ, ನನಗೆ ಶೀತವಾದರೆ ಕಷಾಯ ಕುದಿಸಿ ಕೊಡುತ್ತಾಳೆ. ಆದರೆ ನನ್ನಲ್ಲಿ ಏನನ್ನೂ ಕೇಳುವುದಿಲ್ಲ. ನೀರು ಬೇಕಾದರೆ ಗೋಡೆ ಹಿಡಿದುಕೊಂಡು ತಾನೇ ಹೋಗುತ್ತಾಳೆ. ಬಿದ್ದ ಸೂಜಿಯನ್ನು ನೆಲವೆಲ್ಲ ತಡವಿ ತಾನೇ ಹುಡುಕುತ್ತಾಳೆ. ಬಸದಿಗೆ ಹೋಗಬೇಕೆಂದಿದ್ದರೆ ನೆರೆಮನೆಯ ಹೆಂಗಸರು ಹೊರಡುವವರೆಗೆ ಕಾದು ಅವರ ಜೊತೆ ಹೋಗುತ್ತಾಳೆ, ನಾನು ಅಂಗಳದಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದರೂ.

ಮೊನ್ನೆ ಬಚ್ಚಲಿನ ಹೊಸ್ತಿಲು ಎಡವಿ ಬಿದ್ದಳು. ಸದ್ದು ಕೇಳಿ ಓಡಿದೆ. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ನೆಲದಲ್ಲಿ ಕುಳಿತು ಕೈಯಾಡಿಸಿ ಗೋಡೆ ಎಲ್ಲಿ ಎಂದು ನೋಡುತ್ತಿದ್ದಳು.

"ಒಂದು ಕೂಗಬಾರದಿತ್ತಾ ಅಕ್ಕ? ನಾನು ಇಲ್ಲೇ ಇದ್ದೆನಲ್ಲ!"

"ನಿನಗೆ ಯಾಕೆ ತೊಂದರೆ ತಮ್ಮ," ಎಂದಳು. ಬಹಳ ಮೃದುವಾಗಿಯೇ ಹೇಳಿದಳು. ಗೋಡೆ ಸಿಕ್ಕಿತು, ಅದಕ್ಕೆ ಕೈಕೊಟ್ಟು ಎದ್ದಳು.